ಗಂಟೆಗೊಬ್ಬ ಆಯಾ

ಶಿಶುವಿಹಾರದ ಆಯಾ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂದಾಗ, ಅಲ್ಲಿ ಬಟ್ಟೆ ಒಗೆಯುವ ಅಜ್ಜಿ ನೆನೆಸಿಟ್ಟ ಲಂಗೋಟಿಗಳ ಮುಂದೆ ಹಾಗೇ ಕುಳಿತುಬಿಟ್ಟಳು. ಅವರಿಬ್ಬರದು ಇಪ್ಪತ್ತು ವರ್ಷದ ಒಡನಾಟ. ಆದರೆ ಅಳಲೂ ಬಿಡುವಿರಲಿಲ್ಲ. ಆಯಾಳ ಕೈಯಲ್ಲೇ ಬೆಳೆದ ಹತ್ತು ತಿಂಗಳ ಮಗು ಗುಬ್ಬಿ ಒಳಗೆ ಬಾಗಿಲನ್ನೇ ನೋಡುತ್ತ ಗಂಟಲು ಹರಿಯುವಂತೆ ಅಳುತ್ತಿತ್ತು. ಹಾಲಿನ ಬಾಟಲಿಯನ್ನು ಮೂರು ಸಲ ತಳ್ಳಿತ್ತು.

“ಒಬ್ಬಳಿಗೇ ಅಂಟಿಸಿದ್ದೇ ತಪ್ಪಾಯ್ತು,” ಎಂದಳು ಮೇಲ್ವಿಚಾರಕಿ. “ಇವತ್ತಿಂದ ಮಕ್ಕಳನ್ನ ಗಂಟೆಗೊಬ್ಬರು ನೋಡ್ಕೊಳ್ಳಿ. ಯಾರು ಹೋದ್ರೂ ಅಳೋ ಹಾಗಿರಬಾರದು.”

“ಹಾಗೆ ಮಾಡಿದ್ರೆ ಯಾರು ಬಂದ್ರೂ ನಗೋದಿಲ್ಲ, ಮೇಡಂ,” ಎಂದಳು ಅಜ್ಜಿ.

“ಬಟ್ಟೆ ಒಗೆಯೋಳಿಗೆ ಮಕ್ಕಳ ಮನಸ್ಸು ಯಾವಾಗ ತಿಳೀತು?”

“ಇಷ್ಟು ವರ್ಷ ಅವರ ಲಂಗೋಟಿ ಒಗ್ದಿದ್ದೀನಿ, ನನ್ನ ಹತ್ರ ಅವರದೇನು ಮುಚ್ಚುಮರೆ? ಒಬ್ಬರನ್ನ ನಂಬೋಕೆ ಕಲಿತ ಮಗು ಇನ್ನೊಬ್ಬರನ್ನೂ ನಂಬುತ್ತೆ. ಗುಬ್ಬೀನ ನನಗೆ ಬಿಡಿ. ದಿನಾ ನಾನೇ ನೋಡ್ಕೋತೀನಿ.”

“ಸಂಜೆವರೆಗೆ ನೋಡೋಣ,” ಎಂದಳು ಮೇಲ್ವಿಚಾರಕಿ.

ಅಜ್ಜಿ ಮಗುವನ್ನು ಎತ್ತಿಕೊಳ್ಳಲು ಅವಸರಪಡಲಿಲ್ಲ. ಕೈ ಒರೆಸಿಕೊಂಡು ಚಾಪೆಯ ತುದಿಯಲ್ಲಿ ಕುಳಿತಳು. ಗುಬ್ಬಿ ಬೆನ್ನು ತಿರುಗಿಸಿತು, ಇಣುಕಿ ನೋಡಿತು, ಮತ್ತೆ ಅತ್ತಿತು. ಮಧ್ಯಾಹ್ನದ ಹೊತ್ತಿಗೆ ತೆವಳುತ್ತ ಬಂದು, ಅವಳ ಮೊಣಕಾಲಿಗೆ ಒರಗಿ, ಬಿಕ್ಕುತ್ತಲೇ ಹಾಲು ಕುಡಿಯಿತು. ಬೇರೊಬ್ಬರ ಹತ್ತಿರ ಬರುವ ಆ ಧೈರ್ಯ ಆಯಾ ಕೊಟ್ಟುಹೋದದ್ದೆಂದು ಅಜ್ಜಿಗೆ ಗೊತ್ತಿತ್ತು. ಈಗ ಅವಳ ಕಣ್ಣು ತುಂಬಿ ಬಂತು; ಆಯಾಳಿಗಾಗಿ ಬೇಡಿಕೊಂಡಳು:

“ಭಗವಂತ, ಎಷ್ಟೋ ಮಕ್ಕಳನ್ನು ಎತ್ತಿ ಅವಳ ತೋಳುಗಳು ದಣಿದಿವೆ. ಅವಳನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು.”