ಮೂರು ಕಿಲೋವ್ಯಾಟಿನ ಮನೆಗೆ ಬೀಗರು

ನಮ್ಮ ಅತ್ತೆ ಉಮ್ಸುನಾಯ್‌ಗೆ ಕರೆಂಟಿನ ಲೆಕ್ಕ ಕಣ್ಣಿಗೆ ಕಂಡಷ್ಟೇ. ಬಲ್ಬು ಉರಿಯುತ್ತಿದ್ದರೆ ಗೊಣಗುತ್ತಾ ಆರಿಸುತ್ತಾರೆ, ಹೀಟರ್ ಮುಂದೆ ಮಾತ್ರ ಹಾಯಾಗಿ ಕಾಲು ಚಾಚುತ್ತಾರೆ. ಬೆಟ್ಟದೂರು ನಾರಿನ್‌ನ ನಮ್ಮ ಬೀದಿಯಲ್ಲಿ ಚಳಿಗಾಲಕ್ಕೆ ಮನೆಗೆ ಮೂರೇ ಕಿಲೋವ್ಯಾಟ್. ಮೀರಿದರೆ ಕಂಬದ ಮೇಲಿನ ಸ್ವಿಚ್ ಟ್ರಿಪ್ ಆಗುತ್ತದೆ, ಅದನ್ನು ಹಾಕಲು ಲೈನ್‌ಮನ್ನೇ ಬರಬೇಕು. ಅವನು ಬರುವುದು ಮರುದಿನ.

ನನ್ನ ಹಿರಿಯ ಮಗಳಿಗೆ ಓಲೆ ತೊಡಿಸಿ ಮದುವೆ ಗೊತ್ತುಮಾಡಲು ಬೀಗರು ಬರುವ ದಿನ ಅತ್ತೆ ಬೆಳಿಗ್ಗೆಯೇ ಬಲ್ಬೆಲ್ಲ ಆರಿಸಿಕೊಂಡು ಬಂದರು. ಕಿರಿಯವಳು ಚೋಲ್ಪೊನಾಯ್ ನಕ್ಕಳು.

“ಅಜ್ಜಿ, ಬೆಳಕು ಕೊಡೋದು ತಿನ್ನೋದು ಚೂರೇ ಚೂರು. ಬಿಸಿ ಮಾಡೋದೇ ಹೊಟ್ಟೆಬಾಕ. ಇನ್ನೂರು ಎಲ್‌ಇಡಿ ಬಲ್ಬು ತಿನ್ನೋದನ್ನ ಚಹಾ ನೀರು ಕಾಯಿಸೋ ಸಮೋವರ್ ಒಂದೇ ತಿನ್ನತ್ತೆ. ಹೀಟರೂ ಅಷ್ಟೇ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಕತೆ ಮುಗೀತು.”

“ಭಾರಿ ಪಂಡಿತೆ ನೀನು. ಬೀಗರು ಎದ್ದು ಹೋಗೋತನಕ ಕರೆಂಟ್ ಹೋಗದಂಗೆ ನೋಡ್ಕೋ, ಬಿಷ್ಕೆಕ್‌ಗೆ ಹೋಗಿ ಅದನ್ನೇ ಓದು. ಹೋಯ್ತೋ, ಸುಮ್ನೆ ಹೊಲಿಗೆ ಕಲಿ” ಎಂದು ಅತ್ತೆ ಪಂದ್ಯ ಕಟ್ಟಿದರು.

ರಾಜಧಾನಿಗೆ ಹೋಗಿ ಕರೆಂಟಿನ ವಿದ್ಯೆ ಓದುವುದು ಚೋಲ್ಪೊನಾಯ್ ಆಸೆ, ಆದರೆ ಮನೆಯಲ್ಲಿ ಅತ್ತೆಯ ಮಾತೇ ಮಾತು. ಅವತ್ತು ಕಿರಿಯವಳ ಓಡಾಟ ನೋಡಬೇಕಿತ್ತು! ಇಸ್ತ್ರಿಪೆಟ್ಟಿಗೆ ಕಾಯಿಸಿ ಪ್ಲಗ್ ಕಿತ್ತು, ಉಳಿದ ಕಾವಿನಲ್ಲೇ ಬಟ್ಟೆ ಮುಗಿಸಿದಳು. ಆಮೇಲೆ ಹೀಟರ್ ಹಾಕಿ, ಕಿಟಕಿಗೆ ಕಂಬಳಿ ಬಿಗಿದು, ಕೋಣೆ ಬೆಚ್ಚಗಾದ ಮೇಲೆ ಆರಿಸಿದಳು. ಬೀಗರು ಬಂದು ಕೂತಾಗ ಸಮೋವರ್ ಒಂದೇ ಗುಂಯ್ ಎನ್ನುತ್ತಿತ್ತು. ನನಗೋ ಕುಣಿಯುವಷ್ಟು ಖುಷಿ.

ಅಷ್ಟರಲ್ಲಿ ಬೀಗಿತ್ತಿ, “ಯಾಕೋ ಬೆನ್ನು ತಣ್ಣಗಾಗ್ತಿದೆ” ಎಂದು ತಾವೇ ಕೈಚಾಚಿ ಹೀಟರ್ ಹಾಕಿಬಿಟ್ಟರು.

ಚೋಲ್ಪೊನಾಯ್ ಕಣ್ಣು ಗಡಿಯಾರಕ್ಕೆ ಹೋಯಿತು. ಕಂಬದ ಸ್ವಿಚ್ಚಿನೊಳಗಿನ ಲೋಹದ ಪಟ್ಟಿ ಕಾದು ಬಾಗುವವರೆಗೆ ಕೆಲವೇ ನಿಮಿಷ ಸಿಗುತ್ತದೆ ಎಂದು ಅವಳೇ ಹೇಳಿದ್ದಳು. ಬೀಗಿತ್ತಿ ಹಾಕಿದ್ದನ್ನು ನಾವು ಆರಿಸಿದರೆ ಅವಮಾನ. ಸಮೋವರ್ ಆರಿಸಿದರೆ, ಚಹಾ ಮುಗಿಯಿತು, ಎದ್ದು ಹೊರಡಿ ಎಂದಂತೆ. ಹಿರಿಯರ ಎದುರು ನಾವಿಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ. ಅತ್ತೆ ಸುಮ್ಮನೆ ಕೂತಿದ್ದರೆ ಸಾಕು, ಪಂದ್ಯ ಅವರದೇ.

ಅತ್ತೆ ಬಟ್ಟಲು ಕೆಳಗಿಟ್ಟು ಎದ್ದರು. ತಮ್ಮ ಕುರಿಚರ್ಮದ ಕೋಟು ಬಿಚ್ಚಿ ಬೀಗಿತ್ತಿಯ ಹೆಗಲಿಗೆ ಹೊದಿಸಿದರು. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ. ಆಮೇಲೆ ಹೀಟರ್ ಆರಿಸಿದರು.

“ತಪ್ಪು ತಿಳೀಬೇಡಿ. ಬಿಸಿ ಮಾಡೋವೆಲ್ಲ ಹೊಟ್ಟೆಬಾಕಗಳು, ಎರಡನ್ನ ಒಟ್ಟಿಗೆ ಸಾಕಕ್ಕಾಗಲ್ಲ. ನಿಮ್ಮ ಮೈಯಲ್ಲೇ ಕಾವಿದೆ, ಕೋಟು ಅದನ್ನ ಹೊರಗೆ ಬಿಡಲ್ಲ.”

“ಅಬ್ಬಾ, ಇದನ್ನೆಲ್ಲ ಯಾರು ಹೇಳಿಕೊಟ್ರು ನಿಮಗೆ?” ಎಂದರು ಬೀಗಿತ್ತಿ.

ಅತ್ತೆ ಚೋಲ್ಪೊನಾಯ್ ಕಡೆ ತಿರುಗಲೂ ಇಲ್ಲ.

“ಬಿಷ್ಕೆಕ್‌ನಲ್ಲಿ ಓದೋ ಮೊಮ್ಮಗಳಿದಾಳೆ ನಂಗೆ” ಎಂದರು.