ಕಿಟಕಿ ಪಕ್ಕದ ಫೋಟೊ

ಪತ್ರಿಕೆಯಿಂದ ನಿವೃತ್ತರಾದ ಆ ಫೋಟೊಗ್ರಾಫರಿಗೆ ತಮ್ಮ ಹಳೆಯ ರೀಲಿನ ಕ್ಯಾಮೆರಾ ಎಂದರೆ ಪಂಚಪ್ರಾಣ. ಕಲ್ಲಿನಂಥ ಭಾರ, ಕಪ್ಪು ಬಣ್ಣ ಸವೆದು ಅಂಚಿನಲ್ಲಿ ಇಣುಕುವ ಹಿತ್ತಾಳೆ. ಅದರ ಖಟಕ್ ಕೇಳಿದರೆ ಮಂತ್ರಿಗಳೂ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಫೋಟೊಗ್ರಾಫರು ದಿನಾ ಮಗುವನ್ನು ಒರೆಸಿದಂತೆ ಅದನ್ನು ಒರೆಸುತ್ತಿದ್ದರು. ನಿಜವಾದ ಮಗುವನ್ನು ಒರೆಸಿದ್ದು ಮಾತ್ರ ಹೆಂಡತಿಯೇ.

ಆ ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೊ ಬೇಕೆಂದು ಮಗಳು ಬಂದು ಕೂತಿದ್ದಳು. ಮನೆಯಲ್ಲಿದ್ದದ್ದು ಗುರುತಿನ ಚೀಟಿಯದೊಂದೇ. ಅದರಲ್ಲಿ ಆಕೆ ಯಾರ ಮೇಲೋ ಸಿಟ್ಟಾದವಳ ಹಾಗಿದ್ದಳು.

ಹೊಸ ಬಟ್ಟೆ ಹಾಕಿಕೊಂಡಾಗಲೆಲ್ಲ ಆಕೆ ಕಿಟಕಿ ಪಕ್ಕ ನಿಂತು, "ಒಂದ್ ತೆಗೀರಿ" ಎನ್ನುತ್ತಿದ್ದಳು. ರೀಲು ಕಚೇರಿಯದು, ಮಂತ್ರಿಗಳಿಗೂ ಬೆಂಕಿ ಅನಾಹುತಗಳಿಗೂ ಮೀಸಲು. ಇಲ್ಲವೆಂದರೆ ಮುಖ ಊದಿಸಿಕೊಳ್ಳುತ್ತಾಳೆಂದು ಅವರು ಖಾಲಿ ಕ್ಯಾಮೆರಾವನ್ನೇ ಎತ್ತಿ, ಲಿವರ್ ಎಳೆದು, ಲೆನ್ಸು ತಿರುಗಿಸಿ, ಖಟಕ್ ಎನಿಸುತ್ತಿದ್ದರು. "ರೀಲು ತೊಳೆಸಿ ತರ್ತೀನಿ" ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. ಆಕೆ ಒಂದೆರಡು ಸಲ ಕೇಳಿ ಸುಮ್ಮನಾಗುತ್ತಿದ್ದಳು.

ಈಗ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಇಲ್ಲದ ನೆಗೆಟಿವ್ ಹುಡುಕುವ ನಾಟಕ ಆಡುತ್ತಿದ್ದರು. ನಿಜ ಹೇಳಲು ಬಾಯಿ ಬರಲಿಲ್ಲ.

"ಸಾಕು ಬಿಡಿ ಅಪ್ಪ, ಅದ್ರಲ್ಲಿ ರೀಲೇ ಇರ್ತಿರ್ಲಿಲ್ಲ," ಎಂದಳು ಮಗಳು. "ಅಮ್ಮಂಗೆ ಗೊತ್ತಿತ್ತು."

ಅವರ ಕೈ ಡಬ್ಬಿಯ ಮೇಲೇ ನಿಂತಿತು. "ಹೇಗೆ?"

"ರೀಲಿದ್ರೆ, ಬಲಗಡೆ ಲಿವರ್ ಎಳೆದಾಗ ಎಡಗಡೆ ಗುಂಡಿ ತಿರುಗುತ್ತಂತಲ್ಲ. ಮದುವೆಯಾದ ಹೊಸದ್ರಲ್ಲಿ ನೀವೇ ಜಂಬದಿಂದ ತೋರಿಸಿದ್ರಂತೆ."

"ಮತ್ಯಾಕೆ ಬಂದು ನಿಂತ್ಕೋತಿದ್ಳು?"

"ಆಗ ಮಾತ್ರ ನಿಮ್ಮಪ್ಪ ನನ್ನನ್ನ ಕಣ್ಣಿಟ್ಟು ನೋಡ್ತಾರೆ, ಅಂತಿದ್ಳು." ಮಗಳು ಒಂದು ಡಬ್ಬಿಯ ಮುಚ್ಚಳ ಹಾಕಿದಳು. "ಖಟಕ್ ಅಂದ ತಕ್ಷಣ ಚೂರು ನಗ್ತಿದ್ಳಲ್ಲ ಅಪ್ಪ, ಆ ನಗು ಒಂದು ಸಿಕ್ಕಿದ್ರೆ ಸಾಕಿತ್ತು ನಂಗೆ."

ನಗುತ್ತಿದ್ದಳೇ? ಅವರು ಕ್ಯಾಮೆರಾ ಎತ್ತಿ ಕಿಟಕಿಯತ್ತ ಹಿಡಿದರು. ಆಕೆಯ ಕೆನ್ನೆಯ ಮೇಲೆ ಬೀಳುತ್ತಿದ್ದ ಬೆಳಕು ನೆನಪಿತ್ತು, ಅದಕ್ಕೆ ಲೆನ್ಸನ್ನು ಎಷ್ಟು ತೆರೆದಿದ್ದರೆಂಬುದೂ ನೆನಪಿತ್ತು. ನಗು ನೆನಪಿರಲಿಲ್ಲ. ಲಿವರ್ ಎಳೆದು ಖಟಕ್ ಎನಿಸಿದರು. ರೀಲಿಗೆ ಬೆಳಕು ಬಿಡಲು ಒಳಗಿನ ಕನ್ನಡಿ ಮೇಲೆದ್ದು, ಎಂದಿನಂತೆ ಒಂದು ಕ್ಷಣ ಕಣ್ಣಮುಂದೆ ಕತ್ತಲಾಯಿತು.

ಆಕೆ ನಕ್ಕದ್ದು ಈ ಕತ್ತಲಲ್ಲಿ. ಬೆಳಕು ಮರಳುವಷ್ಟರಲ್ಲಿ ಅವರು ಕ್ಯಾಮೆರಾ ಇಳಿಸಿ ಮುಖ ತಿರುಗಿಸಿಬಿಡುತ್ತಿದ್ದರು. ಅವರು ನೋಡದ್ದನ್ನು ರೀಲು ನೋಡಬೇಕಿತ್ತು. ರೀಲು ಇರಲಿಲ್ಲ.