ಅನಘ ನೆಟ್ಟ ಬಳ್ಳಿ

ಕಳೆ ಕೊಚ್ಚುವ ಯಂತ್ರದ ಸದ್ದು ಬದಲಾದಾಗಲೇ ಚಿಕ್ಕಣ್ಣನಿಗೆ ಗೊತ್ತಾಯಿತು, ಅಲಗಿಗೆ ಸಿಕ್ಕಿದ್ದು ಲಂಟಾನವಲ್ಲ. ಯಂತ್ರ ನಿಲ್ಲಿಸಿ ಪೊದೆ ಸರಿಸಿದ. ಹಾಲುವಾಣ ಮರದ ಬುಡದಲ್ಲಿ ಹೆಬ್ಬೆರಳು ಗಾತ್ರದ ಮೆಣಸಿನ ಬಳ್ಳಿ ತುಂಡಾಗಿತ್ತು. ಮೇಲೆ ಮರ ಪೂರ್ತಿ ತಬ್ಬಿಕೊಂಡಿದ್ದ ಬಳ್ಳಿ ಮಾತ್ರ ಏನೂ ಆಗದಂತೆ ಹಸಿರಾಗಿತ್ತು, ತೆನೆ ತುಂಬ ಎಳೆ ಕಾಳು.

ಮಗಳು ಅನಘ ಹತ್ತನೇ ಕ್ಲಾಸಿನಲ್ಲಿದ್ದಾಗ ನೆಟ್ಟದ್ದು. ಮರುವರ್ಷ ಸೌದೆಗೆಂದು ಕಾಡಂಚಿಗೆ ಹೋದ ಹುಡುಗಿಗೆ ಮಂಗನ ಜ್ವರ ತಗುಲಿತು. ಒಂಬತ್ತೇ ದಿನಕ್ಕೆ ಹೋಗಿಬಿಟ್ಟಳು. ಗಂಡ ಹೆಂಡತಿ ತಿರುನೆಲ್ಲಿ ದಾರಿಯ ಈ ಮನೆಗೆ ಬೀಗ ಹಾಕಿ ಮಾನಂದವಾಡಿಯ ಬಾಡಿಗೆ ಕೋಣೆ ಸೇರಿದರು. ಆರು ವರ್ಷವಾಯಿತು. ಈಗ ರಸ್ತೆ ಅಗಲ ಮಾಡಲು ಆ ಕಟ್ಟಡವನ್ನೇ ಕೆಡವುತ್ತಿದ್ದಾರೆ. ವಾಪಸು ಹೋಗೋಣವೆಂದಾಗ ಹೆಂಡತಿ ಮಲ್ಲಿಗಮ್ಮ ಒಂದೇ ಮಾತು ಹೇಳಿದ್ದಳು: "ಅವ್ಳ ಬಳ್ಳಿ ಉಳ್ಕೊಂಡಿದ್ರೆ ನಿಲ್ತೀನಿ. ಇಲ್ದಿದ್ರೆ ಕುಟ್ಟದಲ್ಲಿರೋ ಅಣ್ಣನ ಮನೇಗೆ ಹೋಯ್ತೀನಿ. ನೀನೊಬ್ನೇ ಇರು."

ಮೊನ್ನೆ ಬಂದು ನೋಡಿ, ಬಳ್ಳಿ ಚೆನ್ನಾಗಿದೆ ಎಂದು ಫೋನ್ ಮಾಡಿದ್ದವನೂ ಇವನೇ. ಅದರ ಬುಡದ ಕಳೆಯನ್ನು ಕತ್ತಿಯಲ್ಲೇ ಸವರು, ಯಂತ್ರ ಬೇಡ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಮೂರು ಗಂಟೆ ಬಸ್ಸಿಗೆ ಬರುವ ಹೆಂಡತಿಗೆ ಅಂಗಳ ಚೊಕ್ಕಟವಾಗಿ ಕಾಣಲೆಂಬ ಆತುರ ಈ ಪುಣ್ಯಾತ್ಮನಿಗೆ! ಎರಡು ತುದಿ ಜೋಡಿಸಿ ಬಾಳೆನಾರಿನಲ್ಲಿ ಕಟ್ಟಿದ. ಮಣ್ಣು ಏರಿಸಿ ಮುಚ್ಚಿದ. ಇದರಿಂದ ಬಳ್ಳಿ ಬದುಕುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಲ್ಲಿಗಮ್ಮ ಬಂದವಳು ಚೀಲ ಇಳಿಸದೆ ನೇರ ಮರದ ಹತ್ತಿರ ಹೋದಳು. ತಲೆಯೆತ್ತಿ ಬಹಳ ಹೊತ್ತು ನೋಡಿದಳು.

"ಎಷ್ಟು ಎತ್ರ ಹೋಗ್ಬುಟ್ಟದೆ" ಎಂದಳು. ಆಮೇಲೆ ಬುಡದ ಹೊಸ ಮಣ್ಣು ನೋಡಿದಳು.

"ಗೊಬ್ಬರ ಹಾಕ್ದೆ" ಎಂದ ಚಿಕ್ಕಣ್ಣ.

ಅವಳು ಒಳಗೆ ಹೋಗಿ ಒಲೆ ಗುಡಿಸತೊಡಗಿದಳು.

ಎರಡು ದಿನ ಇಬ್ಬರೂ ಬೆನ್ನು ಮುರಿಯುವಷ್ಟು ದುಡಿದರು. ಗೋಡೆಗೆ ಹತ್ತಿದ್ದ ಗೆದ್ದಲು ಕೆರೆದರು, ಹಂಚು ಕೂರಿಸಿದರು, ಬಾವಿಯ ಕಸ ತೆಗೆದರು. ಚಿಕ್ಕಣ್ಣ ಬೆಳಗ್ಗೆ ಸಂಜೆ ಬಳ್ಳಿಗೆ ನೀರು ಹೊಯ್ದ. ಕೊಡ ತುಂಬಿ ಕೊಡುತ್ತಿದ್ದವಳು ಅವಳೇ.

ಮೂರನೆಯ ಬೆಳಗ್ಗೆ ಅವನು ಎದ್ದು ಹೊರಗೆ ಬಂದಾಗ ಬಳ್ಳಿಯ ಎಲೆಗಳೆಲ್ಲ ಜೋತುಬಿದ್ದಿದ್ದವು. ಮಲ್ಲಿಗಮ್ಮ ಏಣಿ ಹತ್ತಿ ಎಳೆ ತೆನೆ ಕೀಳುತ್ತಿದ್ದಳು.

"ಇಳಿಯೇ. ಕಾಳಿನ್ನೂ ಬಲಿತಿಲ್ಲ. ಕುಯ್ಲಿಗೆ ಎರಡು ತಿಂಗ್ಳದೆ."

"ಇದ್ಕೆ ಅಷ್ಟು ದಿನ ಇಲ್ಲ" ಎಂದಳು ಮಲ್ಲಿಗಮ್ಮ, ಕೆಳಗೆ ನೋಡದೆ. "ಬಂದ ದಿನಾನೇ ನೋಡ್ದೆ. ಬಾಳೆನಾರು ಮಣ್ಣಿಂದ ಆಚೆಗೆ ಕಾಣ್ತಿತ್ತು."

ಚಿಕ್ಕಣ್ಣನಿಗೆ ದುಃಖ ಒತ್ತರಿಸಿ ಬಂತು. "ನನ್ನ ಕೈಯಿಂದ್ಲೇ ಆಗೋಯ್ತಲ್ಲೇ..."

"ಸಾಕು. ಅಳ್ಬೇಡ, ಏಣಿ ಹಿಡ್ಕೊ." ಅವಳ ದನಿಯೂ ಒಡೆದಿತ್ತು. "ಅಟ್ಟದ ಭರಣಿ ತೊಳೆದು ಬಿಸ್ಲಿಗೆ ಇಟ್ಟಿವ್ನಿ. ಉಪ್ಪುನೀರಲ್ಲಿ ಹಾಕಿದ್ರೆ ಇಲ್ಲಿ ನಮ್ಮಿಬ್ರಿಗೂ ಒಂದು ವರ್ಷ ಬರ್ತದೆ."

ಒಂಟಿ ಬಿದಿರಿನ ಏಣಿ, ಕೆಳಗೆ ಹಿಡಿಯುವವರಿಲ್ಲದಿದ್ದರೆ ಯಾವಾಗ ಬೇಕಾದರೂ ಹೊರಳಬಹುದು. ಚಿಕ್ಕಣ್ಣ ಎರಡೂ ಕೈಯಲ್ಲಿ ಅದನ್ನು ಬಿಗಿಹಿಡಿದು ನಿಂತ. ಬಾಡಿದ ಎಲೆಗಳ ನಡುವೆ ಅವಳ ಕೈ ತೆನೆಯಿಂದ ತೆನೆಗೆ ಹೋಗುತ್ತಿತ್ತು. ಕಟ್ಟಿಕೊಂಡ ಮಡಿಲು ಹಸಿರು ಕಾಳಿನಿಂದ ನಿಧಾನವಾಗಿ ತುಂಬುತ್ತಿತ್ತು.